ಜೋತ ಚಕ್ರದ ಅಳತೆ

ಹೊಗೆ ಕೊಳವೆ ಬಗ್ಗಿಸಿಯೇ ಊರಿಗೆಲ್ಲ ಕೊಳವೆಯಕ್ಕನಾದವಳ ಮುತ್ತಜ್ಜ ಗಾಡಿಚಕ್ರಕ್ಕೆ ಕಬ್ಬಿಣದ ಹಳಿ ಕಾಯಿಸಿ ತೊಡಿಸುತ್ತಿದ್ದವನು. ಅವನು ತೊಡಿಸಿದ ಹಳಿ ಸಡಿಲವಾಯಿತೆಂದು ಯಾರೂ ಗಾಡಿ ತಿರುಗಿಸಿಕೊಂಡು ಬಂದದ್ದಿಲ್ಲ. ಅವನ ಮಗ, ಅಂದರೆ ಅಕ್ಕನ ಅಜ್ಜ, ಕೊಳವೆಯೊಳಗೆ ಒಣ ಮರಳು ಗಿಡಿದು, ಎರಡು ತುದಿಗೂ ಮರದ ಬೆಣೆ ಬಡಿದು, ಕೆಂಪಗೆ ಕಾಯಿಸಿ ಬಗ್ಗಿಸುವುದನ್ನು ಯಾರ ಕಾಲೂ ಹಿಡಿಯದೆ ಕಲಿತ. ಹೊಟ್ಟೆಯಲ್ಲಿ ಮರಳಿದ್ದರೆ ಕೊಳವೆ ಬಾಗುತ್ತದೆ, ಚಪ್ಪಟೆಯಾಗುವುದಿಲ್ಲ. ಅಪ್ಪ ಅದೇ ವಿದ್ಯೆಯನ್ನು ಲಾರಿಗಳ ಹೊಗೆ ಕೊಳವೆಗೆ ತಂದ. ಬೀದಿಯಲ್ಲಿ ಹೋಗುವ ಲಾರಿಯ ಸದ್ದು ಕೇಳಿ, ಎಲ್ಲಿ ತೂತು ಬಿದ್ದಿದೆಯೆಂದು ಊಟದ ತಟ್ಟೆಯ ಮುಂದಿನಿಂದ ಏಳದೆ ಹೇಳುತ್ತಿದ್ದ.

ಮೂವರೂ ಅಕ್ಕನಿಗೆ ಬಿಟ್ಟುಹೋದದ್ದು ಒಂದು ತಗಡಿನ ಶೆಡ್ಡು, ಕಬ್ಬಿಣ ಬಡಿಯುವ ಒಂದು ಅಡಿಗಲ್ಲು, ಜೊತೆಗೆ ಮುತ್ತಜ್ಜನ ಒಂದು ಕಟ್ಟಪ್ಪಣೆ: ಅಳತೆ ತೆಗೆಯುವುದು ಗಾಡಿ ನೆಲದ ಮೇಲೆ ನಿಂತಿದ್ದಾಗ ಮಾತ್ರ, ಎತ್ತಿದ ಗಾಡಿ ಸುಳ್ಳು ಹೇಳುತ್ತದೆ. ಆ ಮಾತನ್ನು ಅಕ್ಕ ಒಮ್ಮೆಯೂ ಮೀರಿರಲಿಲ್ಲ.

ತಮ್ಮನಿಗೆ ಮರಳಿನ ಸಹವಾಸ ಬೇಡವಾಗಿತ್ತು. ಎದುರಿಗೇ ಗ್ಯಾರೇಜು ತೆರೆದು, ಕೊಳವೆ ಬಗ್ಗಿಸುವ ಮೆಷಿನ್ನು, ಗಾಡಿ ಎತ್ತುವ ಲಿಫ್ಟು ಹಾಕಿಸಿದ್ದ. ಅಕ್ಕತಮ್ಮಂದಿರಲ್ಲಿ ಜಗಳವೇನಿಲ್ಲ. ಹೊತ್ತುಹೊತ್ತಿಗೆ ಅವನೇ ಟೀ ತಂದುಕೊಡುತ್ತಿದ್ದ. ಕುಡಿದು ಮುಗಿಸುವವರೆಗೂ ಅಕ್ಕ ಅವನ ಮೆಷಿನ್ನನ್ನು ಆಡಿಕೊಳ್ಳುತ್ತಿದ್ದಳು.

ಗುಡ್ಡದ ಮೇಲಿನ ಮನೆಗಳಿಂದ ಕಾಯಿಲೆಯವರನ್ನು ಕೆಳಗೆ ತರುವ ಜೀಪಿನವನೊಬ್ಬನಿದ್ದ. ಕಲ್ಲುದಾರಿಗೆಂದು ಉದ್ದ ಸ್ಪ್ರಿಂಗ್ ಹಾಕಿಸಿ ಜೀಪನ್ನು ಎತ್ತರ ಮಾಡಿಸಿದ್ದ. ಎತ್ತರವಾದದ್ದೇ ತಡ, ಮುಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟು ತನ್ನ ಅಡಿಯಲ್ಲಿ ಹಾಯುವ ಹೊಗೆ ಕೊಳವೆಗೆ ಉಜ್ಜತೊಡಗಿತು. ಅಕ್ಕ ಜೀಪು ನೆಲದ ಮೇಲೆ ನಿಂತಂತೆಯೇ ಅಳೆದು, ಕೊಳವೆಯನ್ನು ಅಲ್ಲಿ ತುಸು ತಗ್ಗಿಸಿ, ನಡುವೆ ಎರಡು ಬೆರಳು ಸಂದು ಬಿಟ್ಟು ಕಳಿಸಿದಳು. ಕೆಲವೇ ದಿನಗಳಲ್ಲಿ ಜೀಪು ಮತ್ತೆ ಬಾಗಿಲಿಗೆ ಬಂತು.

"ಅಕ್ಕಾ, ನಿಮ್ಮ ಕೊಳವೆ ನನ್ನ ಶಾಫ್ಟಿನ ರಬ್ಬರ್ ತಿಂದುಹಾಕ್ತು."

"ತಿನ್ನೋಕೆ ಅದಕ್ಕೇನು ಹಲ್ಲಿದೆಯೇನಯ್ಯಾ?" ಎನ್ನುತ್ತ ಅಕ್ಕ ಗೋಣಿ ಹಾಸಿ ಕೆಳಗೆ ತೂರಿದಳು. ಶಾಫ್ಟಿನ ಕೀಲಿಗೆ ಹೊದಿಸಿದ್ದ ರಬ್ಬರು ಹರಿದು ಗ್ರೀಸು ಚೆಲ್ಲಿತ್ತು. ಆದರೆ ಸಂದಿನಲ್ಲಿ ಎರಡು ಬೆರಳು ಸಲೀಸಾಗಿ ಹೋದವು. "ನೀನೇ ನೋಡು, ಎಲ್ಲಿ ತಾಗ್ತಿದೆ?"

"ಇಲ್ಲಿ ತಾಗಲ್ಲ. ಹಳ್ಳ ದಾಟುವಾಗ ಚಕ್ರ ಗಾಳಿಯಲ್ಲಿ ಜೋತುಬೀಳುತ್ತಲ್ಲ, ಆಗ ಕಟಕಟ ಅನ್ನುತ್ತೆ. ನಿನ್ನೆ ಹಿಂದಿನ ಸೀಟಲ್ಲಿ ತುಂಬು ಬಸುರಿ ಕೂತಿದ್ಲು. ಶಾಫ್ಟು ಅಲ್ಲೇ ಮುರಿದಿದ್ರೆ ನಾನು ಯಾರನ್ನ ಕೂಗಲಿ?"

ಅಷ್ಟರಲ್ಲಿ ತಮ್ಮ ಟೀ ಹಿಡಿದು ಬಂದ. "ನನ್ನ ಕಡೆ ಕಳಿಸಕ್ಕ, ಸಂಜೆಯೊಳಗೆ ಮಾಡಿಕೊಡ್ತೀನಿ."

ಜೀಪಿನವನ ಕಣ್ಣು ಎದುರು ಗ್ಯಾರೇಜಿನತ್ತ ಹೊರಳಿದ್ದನ್ನು ಅಕ್ಕ ಕಂಡಳು. ಇವನೊಬ್ಬ ರಸ್ತೆ ದಾಟಿದರೆ ಗುಡ್ಡದ ಜೀಪುಗಳೆಲ್ಲ ಹಿಂದೆಯೇ ದಾಟುತ್ತವೆ, ಶೆಡ್ಡಿಗೆ ಬೀಗವೇ ಗತಿ. ಆದರೂ ಅವಳ ಎದೆಗೆ ಚುಚ್ಚಿದ್ದು ಆ ಬಸುರಿಯ ಮಾತು.

ಟೀ ಮುಟ್ಟದೆ ಜಾಕು ತಂದಳು. ಚಕ್ರಗಳ ಅಚ್ಚಿನ ಕೆಳಗೆ ಕೊಡಲಿಲ್ಲ, ಜೀಪಿನ ಮೈ ಹೊತ್ತ ಮೇಲಿನ ಕಬ್ಬಿಣದ ಚೌಕಟ್ಟಿಗೆ, ಚಾಸಿಗೆ, ಕೊಟ್ಟು ಎತ್ತಿದಳು. ದಪ್ಪ ದಿಮ್ಮಿಗಳ ಆಸರೆ ಕೊಟ್ಟಳು. ಮುಂದಿನ ಚಕ್ರಗಳು ನೆಲ ಬಿಟ್ಟು, ಸ್ಪ್ರಿಂಗು ಬಿಟ್ಟಷ್ಟೂ ಕೆಳಗೆ ಜೋತವು. ಮತ್ತೆ ತೂರಿ ನೋಡಿದರೆ ಶಾಫ್ಟು ಕೊಳವೆಯ ಮೇಲೆ ಕಂಕುಳ ಕೂಸಿನಂತೆ ಕೂತಿದೆ! ಉಜ್ಜಿದ ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತಿದೆ.

ಮುತ್ತಜ್ಜನ ಗಾಡಿಗೆ ಸ್ಪ್ರಿಂಗ್ ಎಲ್ಲಿತ್ತು? ಎತ್ತಿದರೆ ಚಕ್ರವೂ ಜೊತೆಗೇ ಏಳುತ್ತಿತ್ತು, ಜೋಲುವ ಮಾತೇ ಇರಲಿಲ್ಲ.

"ನಿನ್ನ ಮಾತು ನಿನ್ನ ಗಾಡಿಗೆ ಸರಿ ಕಣಜ್ಜಾ," ಎಂದಳು ಅಕ್ಕ, ಮಲಗಿದಲ್ಲಿಂದಲೇ.

"ಯಾರ ಜೊತೆ ಮಾತು?" ತಮ್ಮ ಬಗ್ಗಿ ನೋಡಿದ.

"ದೊಡ್ಡವರ ಜೊತೆ. ಚಿಕ್ಕವನು ನೀನು, ಸುಮ್ನಿರು."

ಇನ್ನಷ್ಟು ತಗ್ಗಿಸಿದರೆ ಕೊಳವೆ ಕಲ್ಲಿಗೆ ಬಡಿಯುತ್ತದೆ. ಹಾಗಾಗಿ ಶಾಫ್ಟಿನ ಅಡಿಯ ದಾರಿಯನ್ನೇ ಬಿಟ್ಟಳು. ಕೊಳವೆಯನ್ನು ಪಕ್ಕದಲ್ಲೇ ಹಿಂದಕ್ಕೆ ಒಯ್ದು, ಯಾವುದೂ ತೂಗಾಡದ ಗೇರ್‌ಬಾಕ್ಸಿನ ಹೊಟ್ಟೆಯಡಿ ದಾಟಿಸುವುದೆಂದು ನಿಶ್ಚಯಿಸಿದಳು. ತಂತಿ ಬಗ್ಗಿಸಿ ಮಾದರಿ ಹಿಡಿದಳು. ಬಾಣಲೆಯಲ್ಲಿ ಮರಳು ಹುರಿದು, ಪಸೆ ಆರಿತೆಂದು ಅಂಗೈಯಲ್ಲಿ ಉಜ್ಜಿ ನೋಡಿ, ಕೊಳವೆಗೆ ತುಂಬಿ ಬೆಣೆ ಬಡಿದಳು. ಕಾದ ಕೊಳವೆ ಅವಳ ಕೈಯಲ್ಲಿ ಹೇಳಿದ ಮಾತು ಕೇಳುವ ಹಸುವಿನಂತೆ ಮೆಲ್ಲಗೆ ತಿರುಗಿತು. ಜೀಪಿನಡಿ ಕೂರಿಸಿ ಹಾಕಿದ ಬೆಸುಗೆ ಆರುವ ಹೊತ್ತಿಗೆ ಬೀದಿಯ ನೆರಳು ಶೆಡ್ಡಿನೊಳಗೆ ಬಂದಿತ್ತು.

ಚಕ್ರ ಜೋತಿದ್ದಂತೆಯೇ ಮತ್ತೆ ಕೆಳಗೆ ತೂರಿ ಕೈಯಿಂದ ಶಾಫ್ಟು ತಿರುಗಿಸಿದಳು. ಎಲ್ಲೂ ತಾಗಲಿಲ್ಲ. ಜೀಪಿನವನೂ ತೂರಿ ಬಂದು, ನಡುವೆ ಇಡೀ ಅಂಗೈ ಆಡಿಸಿ ನೋಡಿದ.

"ಹೊಸ ರಬ್ಬರ್ ಹಾಕಿ ಅಕ್ಕಾ," ಎಂದು ನಕ್ಕ. "ನಾಳೆ ಮೇಲಿಂದ ಒಬ್ಬರು ಮುದುಕರನ್ನ ತರೋದಿದೆ. ನಮ್ಮ ಪಕ್ಕದವನ ಜೀಪಿಗೂ ಇದೇ ರೋಗ, ಅವನನ್ನೂ ಇಲ್ಲಿಗೇ ಕಳಿಸ್ತೀನಿ."

ಅವನು ಹೊರಗೆ ಸರಿದ. ಎರಡನೇ ಟೀ ಹಿಡಿದು ನಿಂತಿದ್ದ ತಮ್ಮ ಲೋಟ ಕೆಳಗಿಟ್ಟು ಕೈ ಚಾಚಿದ. "ಈ ವಯಸ್ಸಲ್ಲಿ ನೆಲದ ಮೇಲೆ ಯಾಕಕ್ಕ ಹೊರಳಾಡ್ತೀಯ? ಇನ್ಮೇಲೆ ನನ್ನ ಲಿಫ್ಟಿಗೇ ಹಾಕು. ಕೈ ಕೊಡು, ಎಳ್ಕೊಳ್ತೀನಿ."

"ಬೇಡ ಕಣೋ. ನನ್ನ ತಪ್ಪು ಹುಡುಕೋಕೆ ನಾನೇ ಒಳಗೆ ಬಂದೆ, ತಿದ್ದಿದ ಮೇಲೆ ನಾನೇ ಹೊರಗೆ ಬರ್ತೀನಿ. ನೀನು ಟೀಗೆ ತಟ್ಟೆ ಮುಚ್ಚು, ಆರಿಹೋಗುತ್ತೆ."