2 ಅನ್ನು 6 ಮಾಡಿದ್ದು ಯಾರು?

ಕಂಪ್ಯೂಟರ್ ತಪ್ಪು ಮಾಡುತ್ತದೆ. ಇದು ನಮಗೆಲ್ಲ ಗೊತ್ತು. ಆದರೂ ಗೊತ್ತಿಲ್ಲದವರಂತೆ ಇರುತ್ತೇವೆ, ಏಕೆಂದರೆ ಯಂತ್ರವನ್ನು ಬೈದರೆ ಅದು ತಲೆ ತಗ್ಗಿಸುವುದಿಲ್ಲ.

ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ತಲೆ ತಗ್ಗಿಸಿದವರು ಟೈಪಕ್ಕ. ಇಪ್ಪತ್ತೆರಡು ವರ್ಷ ಅಲ್ಲಿ ವರದಿ ಟೈಪು ಮಾಡಿದವರು. ಮೆಟ್ಟಿಲ ಕೆಳಗಿನ ಕೋಣೆ, ಗೋಡೆಗೆ ಮುಖ ಮಾಡಿದ ಮೇಜು, ಬೆನ್ನ ಹಿಂದೆ ಫ್ರಿಜ್ಜಿನ ಗುರುಗುರು. ಕೀಲಿಮಣೆ ನೋಡದೆ ಬೆರಳಾಡಿಸುತ್ತಿದ್ದರು, ಟೈಪು ಮಾಡಿದ್ದನ್ನು ಮಾತ್ರ ಪರದೆಯ ಮೇಲೆ ಎರಡು ಸಲ ಓದುತ್ತಿದ್ದರು. "ಟೈಪಕ್ಕ ಬರೆದ ಮೇಲೆ ಬ್ರಹ್ಮನೂ ತಿದ್ದೋ ಹಾಗಿಲ್ಲ" ಎಂದು ಲ್ಯಾಬಿನ ಮಾಲೀಕರಾದ ಡಾಕ್ಟರೇ ಹೇಳಿಕೊಂಡು ತಿರುಗುತ್ತಿದ್ದರು.

ಕಂಪ್ಯೂಟರ್ ಹಳೆಯದಾಗಿ ಕುಂಟುತ್ತಿತ್ತು. ಅದನ್ನು ಚುರುಕು ಮಾಡಲು ಡಾಕ್ಟರ ಬಾಮೈದ ಬಂದ. ಪೆಟ್ಟಿಗೆ ಬಿಚ್ಚಿ, ಹಳೆಯ ಮೆಮೊರಿ ಪಟ್ಟಿಯ ಪಕ್ಕದಲ್ಲೇ ಬೇರೊಂದು ಕಂಪನಿಯ ಹೊಸ ಪಟ್ಟಿಯನ್ನು ಒತ್ತಿ ಕೂರಿಸಿದ.

"ಎರಡೂ ಬೇರೆ ಬೇರೆ ಕಂಪನೀದಲ್ವೇನಪ್ಪಾ, ಹೊಂದ್ಕೊಳ್ಳತ್ತಾ?" ಎಂದು ಟೈಪಕ್ಕ ಕೇಳಿದರು.

"ಇವೇನು ಅತ್ತೆ ಸೊಸೇನಾ ಅಕ್ಕಾ, ಒಳಗೆ ಕೂತು ಜಗಳ ಆಡೋಕೆ? ಮೆಮೊರಿ ಅಂದ್ರೆ ಮೆಮೊರಿ."

ಹಳೆಯ ಪಟ್ಟಿ ನಿಧಾನದ್ದು, ಹೊಸದು ವೇಗದ್ದು. ಇವನು ಸೆಟ್ಟಿಂಗಿಗೆ ಹೋಗಿ ಎರಡನ್ನೂ ಹೊಸದರ ವೇಗಕ್ಕೇ ಓಡಲು ಬಿಟ್ಟ. ಪರೀಕ್ಷೆ? ಪರದೆ ಬೆಳಗಿತಲ್ಲ, ಅದೇ ಪರೀಕ್ಷೆ. ಚಹಾ ಕುಡಿದು ಹೋದ.

ಮೂರು ತಿಂಗಳಲ್ಲಿ ಐದು ವರದಿಗಳು ವಾಪಸು ಬಂದವು. ಬಸ್ ಚಾಲಕನೊಬ್ಬನ ಸಕ್ಕರೆ 118 ಇದ್ದದ್ದು 158 ಎಂದು ಅಚ್ಚಾಗಿ, ಅವನನ್ನು ಎರಡು ವಾರ ಬಸ್ಸಿನಿಂದ ಇಳಿಸಿ ಕೂರಿಸಿದ್ದರು. ಬಸುರಿಯೊಬ್ಬಳ ಹಿಮೋಗ್ಲೋಬಿನ್ 10.2 ಹೋಗಿ 14.2 ಆಗಿ, ಅವಳಿಗೆ ಸಿಗಬೇಕಿದ್ದ ಔಷಧ ಸಿಗಲಿಲ್ಲ. ಇನ್ನೊಬ್ಬರ ಥೈರಾಯ್ಡ್ ಅಂಕಿ 2.3 ಇದ್ದದ್ದು 6.3. ಉಳಿದೆರಡೂ ಅಂಥವೇ. ಲ್ಯಾಬಿನ ಕೈಬರಹದ ಪುಸ್ತಕದಲ್ಲಿ ಎಲ್ಲ ಸರಿ, ಅಚ್ಚಾದ ಹಾಳೆಯಲ್ಲಿ ತಪ್ಪು. ನಡುವೆ ಇರುವುದು ಯಾರು? ಟೈಪಕ್ಕ.

ಬೆಂಚಿನ ಮೇಲೆ ರೋಗಿಗಳು ಕೂತಿರುವಾಗಲೇ ಡಾಕ್ಟರು ಬೈದರು. "ಕಣ್ಣು ಹೋಯ್ತೋ ತಲೆ ಹೋಯ್ತೋ ನೀವೇ ನೋಡ್ಕೊಳ್ಳಿ. ಇನ್ನೊಂದು ತಪ್ಪಾದ್ರೆ ಮನೇಲಿರಿ." 'ನನ್ನ ಅಜಾಗರೂಕತೆಯಿಂದ' ಎಂದು ಕಾಗದ ಬರೆಸಿ ಸಹಿ ಹಾಕಿಸಿಕೊಂಡರು.

ಸುದ್ದಿ ಮನೆ ಸೇರಿತು. ಸೊಸೆ ಕೆಟ್ಟವಳಲ್ಲ, ಅದೇ ಹೆಚ್ಚು ಚುಚ್ಚಿತು. "ಗ್ಯಾಸ್ ನಾನು ಹಚ್ತೀನಿ ಅತ್ತೆ, ನೀವು ಕೂತ್ಕೊಳ್ಳಿ." ಮೊಮ್ಮಗಳನ್ನು ಶಾಲೆಯಿಂದ ಕರೆತರುವ ಕೆಲಸವೂ ತಪ್ಪಿತು. ಟೈಪಕ್ಕ ಹಾಕಿದ ಬೀಗವನ್ನೇ ಮೂರು ಸಲ ಎಳೆದು ನೋಡತೊಡಗಿದರು. ಕೆಲಸ ಹೋದರೆ ಹೋಗಲಿ. ತನ್ನ ತಲೆಯನ್ನೇ ತಾನು ನಂಬದವಳು ಉಳಿದ ದಿನಗಳನ್ನು ಕಳೆಯುವುದು ಹೇಗೆ?

ಒಂದು ಭಾನುವಾರ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಐದೂ ತಪ್ಪುಗಳನ್ನು ಬರೆದುಕೊಂಡು, ಊಟದ ಮೇಜಿನ ಮೇಲೆ ಬೆರಳಿಟ್ಟು ಒಂದೊಂದನ್ನೇ ಟೈಪು ಮಾಡಿ ನೋಡಿದರು. ಮರುದಿನ ಆ ಹಾಳೆಯನ್ನು ಡಾಕ್ಟರ ಮುಂದೆ ಹರಡಿದರು.

"ನೋಡಿ ಡಾಕ್ಟ್ರೇ, ಬೆರಳು ಜಾರಿದ್ರೆ ಪಕ್ಕದ ಕೀಲಿಗೆ ಬೀಳತ್ತೆ. 2 ಹೋಗಿ 1 ಆಗ್ಬೇಕು, ಇಲ್ಲ 3 ಆಗ್ಬೇಕು. 6 ಹೇಗಾಗತ್ತೆ? 2 ನನ್ನ ಎಡಗೈದು, 6 ಬಲಗೈದು. ಐದಕ್ಕೆ ಐದು ತಪ್ಪಲ್ಲೂ ಅಂಕಿ ಸರಿಯಾಗಿ ನಾಲ್ಕು ಜಾಸ್ತಿ. ಮರೆವು ಇಷ್ಟು ಶಿಸ್ತಾಗಿ ಬರತ್ತಾ?"

ಅಲ್ಲೇ ಕೂತಿದ್ದ ಬಾಮೈದ ಕಿಸಕ್ಕನೆ ನಕ್ಕ. "ಅಕ್ಕ ಪತ್ತೇದಾರಿ ಶುರು ಹಚ್ಕೊಂಡ್ರು."

"ನಗಪ್ಪಾ, ನಕ್ಕು ಮುಗಿಸಿ ಮೆಮೊರಿ ಪರೀಕ್ಷೆ ಹಾಕು. ತಪ್ಪು ಶುರುವಾಗಿದ್ದು ನೀನು ಆ ಪಟ್ಟಿ ಕೂರಿಸಿದ ಮೇಲೇನೇ. ನೀನು ಕಟ್ಟಿದ ಜೋಡಿ ಎತ್ತು ಏರಿಗೆ, ಕೋಣ ನೀರಿಗೆ. ಏಟು ಮಾತ್ರ ನನಗೆ."

ಮೆಮೊರಿಯ ಒಂದೊಂದು ಮನೆಯಲ್ಲೂ ಬರೆದು, ಬರೆದದ್ದನ್ನು ಮತ್ತೆ ಓದಿ ನೋಡುವ ಪರೀಕ್ಷೆ ಅದು. ಊಟದ ಬಿಡುವಿನಲ್ಲಿ ಗೊಣಗುತ್ತಲೇ ಹಾಕಿದ. ಅರ್ಧ ಗಂಟೆಯೊಳಗೆ ಪರದೆಯ ತುಂಬ ಕೆಂಪು ಸಾಲುಗಳು. ಹಳೆಯ ಪಟ್ಟಿ ಆ ವೇಗ ತಾಳಲಾರದೆ, ಒಂದು ಕಡೆ ಸೊನ್ನೆಯನ್ನು ಒಂದೆಂದು ನೆನಪಿಟ್ಟುಕೊಳ್ಳುತ್ತಿತ್ತು. ಕಂಪ್ಯೂಟರ್ ಅಂಕಿಯನ್ನು ಇಡುವುದು ಸೊನ್ನೆ-ಒಂದುಗಳ ಸಾಲಾಗಿ, ಆ ಸಾಲಿನಲ್ಲಿ ತಪ್ಪಿದ ಜಾಗದ ಬೆಲೆ ನಾಲ್ಕು. ಟೈಪಕ್ಕ ಓದಿ ಮುಗಿಸಿ ಅಚ್ಚಿಗೆ ಕಳಿಸಿದ ಮೇಲೆ, ಅಷ್ಟಕ್ಕೇ ಅಂಕಿ ನಾಲ್ಕು ಏರುತ್ತಿತ್ತು. ವೇಗ ಇಳಿಸಿದ ಮೇಲೆ ಒಂದೂ ತಪ್ಪಿಲ್ಲ.

ಬೇರೆ ಬೇರೆ ಕಂಪನಿಯ ಮೆಮೊರಿ ಕೂಡಿಸುವುದೇ ಪಾಪ ಎನ್ನುತ್ತಿಲ್ಲ ನಾನು. ಎಷ್ಟೋ ಕಡೆ ಅವು ಅಣ್ಣತಮ್ಮಂದಿರಿಗಿಂತ ಚೆನ್ನಾಗಿ ಬಾಳುತ್ತವೆ. ಕೂಡಿಸಿ, ಪರೀಕ್ಷಿಸದೆ, ಕೈ ಒರೆಸಿಕೊಂಡು ಹೋಗುವುದು ಪಾಪ. ಅದಕ್ಕಿಂತ ಹೇಸಿಗೆಯದು ಆಮೇಲೆ ನಡೆಯಿತು.

"ಆಯ್ತಲ್ಲ, ಸರಿಹೋಯ್ತು" ಅಂದರು ಡಾಕ್ಟರು. "ಎಂದಿನ ಹಾಗೆ ಕೆಲಸ ಮಾಡ್ಕೊಂಡಿರಿ. ಹೊರಗೆ ಮಾತ್ರ ಬಾಯಿ ಬಿಡ್ಬೇಡಿ."

"ನನ್ನ ಕೈಲಿ ಬರೆಸ್ಕೊಂಡ ಕಾಗದ?"

"ಫೈಲಲ್ಲಿದ್ರೆ ಇರ್ಲಿ ಬಿಡಿ, ಯಾರು ನೋಡ್ತಾರೆ?"

"ವಾಪಸು ಬಂದಿದ್ದು ಐದು. ಬರದೇ ಇರೋದು ಎಷ್ಟಿವೆಯೋ? ಮೂರು ತಿಂಗಳಿನ ವರದಿ ಎಲ್ಲಾ ಪುಸ್ತಕದ ಜೊತೆ ತಾಳೆ ನೋಡ್ಬೇಕು ಡಾಕ್ಟ್ರೇ. ಜನಕ್ಕೆ ಹೇಳ್ಬೇಕು."

"ತಗೊಂಡು ಹೋದೋರು ಸುಮ್ನಿದ್ದಾರೆ. ನಿಮಗ್ಯಾಕೆ ಊರ ಉಸಾಬರಿ?"

ಥೂ! ಓದಿದ ಮನುಷ್ಯನ ಬಾಯಿಂದ ಬಂದ ಮಾತು ಇದು.

ಟೈಪಕ್ಕ ಊಟದ ಡಬ್ಬಿ ತೆಗೆದುಕೊಂಡು ಎದ್ದು ಬಂದರು, ಮತ್ತೆ ಹೋಗಲಿಲ್ಲ. ಈಗ ಮೊಮ್ಮಗಳನ್ನು ಶಾಲೆಯಿಂದ ಅವರೇ ಕರೆತರುತ್ತಾರೆ. ಆದರೆ ಲ್ಯಾಬಿನಲ್ಲಿ ಆ ಕುರ್ಚಿಗೆ ಬಂದ ಹೊಸ ಹುಡುಗಿಗೆ ಡಾಕ್ಟರು ಹೇಳಿರುವುದು ಇಷ್ಟು: "ಹಿಂದೆ ಇದ್ದೋರಿಗೆ ಅರಳು ಮರಳು." ಕಾಗದ ಇನ್ನೂ ಫೈಲಿನಲ್ಲಿದೆ. ತಾಳೆ ನೋಡದ ವರದಿಗಳು ಯಾರ ಯಾರ ಮನೆಯಲ್ಲೋ ಇವೆ.

ನಿಮ್ಮ ಕಚೇರಿಯಲ್ಲೂ ಇಂಥ ಮೇಜೊಂದಿದೆ, ನೀವು ಬೈದವರೊಬ್ಬರು ಅಲ್ಲಿ ಕೂತಿದ್ದಾರೆ. ನಾಳೆ ಹೋಗಿ ಮೊದಲು ಆ ಯಂತ್ರವನ್ನು ಪರೀಕ್ಷೆ ಮಾಡಿಸಿ. ತಪ್ಪು ಅದರದ್ದಾದರೆ, ಬೈದದ್ದು ಎಲ್ಲರೆದುರು ಆಗಿದ್ದರೆ, ಕ್ಷಮೆಯನ್ನೂ ಎಲ್ಲರೆದುರೇ ಕೇಳಿ.