ಅರವತ್ತೆರಡನೆಯ ಗಂಟು

ಕಾಲಿಗೆ ಕೆಲಸವಿಲ್ಲದಿದ್ದರೆ ಮನುಷ್ಯ ಕೂರುತ್ತಾನೆ, ಬಾಯಿಗೆ ಕೆಲಸವಿಲ್ಲದಿದ್ದರೆ ಆಕಳಿಸುತ್ತಾನೆ. ಕೈಗೆ ಕೆಲಸವಿಲ್ಲದಿದ್ದರೆ ಮಾತ್ರ ಏನು ಮಾಡಬೇಕೆಂದು ಅವನಿಗೆ ತೋಚುವುದಿಲ್ಲ. ಈ ಸತ್ಯದ ಸಾಕ್ಷಾತ್ಕಾರಕ್ಕೆ ಹಿಮಾಲಯವೇನೂ ಬೇಕಿಲ್ಲ. ಸಂಜೆ ಪಂಗಾನಿಯ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಬಿದ್ದ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಅರ್ಧ ಗಂಟೆ ಕುಳಿತರೆ ಸಾಕು. ಒಬ್ಬ ಮೊಬೈಲಿನ ಗುಂಡಿ ಒತ್ತುತ್ತಾನೆ, ಒಬ್ಬಾಕೆ ಬಳೆ ತಿರುಗಿಸುತ್ತಾಳೆ, ಕಂಡಕ್ಟರು ಬಾಗಿಲ ತಗಡು ಬಡಿಯುತ್ತಾನೆ. ನಾನು ಎಡಗೈಯಲ್ಲಿ ಕಪ್ಪು ಉಣ್ಣೆಯ ಸರವೊಂದನ್ನು ಗಂಟು ಗಂಟಾಗಿ ಸರಿಸುತ್ತಿರುತ್ತೇನೆ. ಔಷಧ ಕಾರ್ಖಾನೆಯಲ್ಲಿ ದಿನವಿಡೀ ಮಾತ್ರೆಗಳ ಗುಣದೋಷ ಪರೀಕ್ಷಿಸುವ ಮೈಸೂರಿನವನ ಕೈಗೆ ಗ್ರೀಕರ ಜಪಸರ ಹೇಗೆ ಬಂತೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಸ್ವಾಹಿಲಿ ಮಾತಾಡುವ ಈ ಊರಿನ ನ್ಗಾರಾ ಬಡಾವಣೆಯಲ್ಲಿ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಮಾಮಾ ಎಲೆನಿ, ಅಂದರೆ ಎಲೆನಿ ಅಮ್ಮ, ಎಂಬ ಗ್ರೀಕ್ ವೃದ್ಧೆಯಿದ್ದಾರೆ. ತೀರಿಹೋದ ಗಂಡನ ಮಣಿಸರವನ್ನು ಅವರು ಗೋಡೆಗೆ ತೂಗುಹಾಕಿದ್ದಾರೆ. ಅದು ಗಂಡಸರು ಕಾಫಿ ಕುಡಿಯುತ್ತ ಹೊತ್ತು ಕಳೆಯುವುದಕ್ಕಂತೆ. ಪ್ರಾರ್ಥನೆಗೆ ಬೇರೆಯದೇ ಇದೆ: ನೂರು ಗಂಟಿನ ಉಣ್ಣೆಯ ಸರ, ತುದಿಯಲ್ಲೊಂದು ಹೆಣೆದ ಶಿಲುಬೆ, ಕಣ್ಣೀರೊರೆಸಿಕೊಳ್ಳಲು ಒಂದು ಕುಚ್ಚು. ಅದನ್ನು ಹಿಡಿಯುವುದು ಎಡಗೈಯಲ್ಲಿ, ಏಕೆಂದರೆ ಬಲಗೈ ಶಿಲುಬೆಯ ಗುರುತು ಹಾಕಿಕೊಳ್ಳಬೇಕು. ಹಿಂದೆ ಒಬ್ಬ ಸನ್ಯಾಸಿ ಕಟ್ಟಿದ ಗಂಟುಗಳನ್ನೆಲ್ಲ ಸೈತಾನ ಬಿಚ್ಚಿಹಾಕುತ್ತಿದ್ದನಂತೆ. ಆಮೇಲೆ ಒಂಬತ್ತು ಶಿಲುಬೆಗಳನ್ನು ಒಂದರೊಳಗೊಂದು ಹೆಣೆದ ಗಂಟನ್ನು ದೇವಮಾತೆಯೇ ಕಲಿಸಿಕೊಟ್ಟಳಂತೆ.

ಈ ವಿದ್ಯೆಗೆ ಮನಸೋತವಳು ನನ್ನ ಹೆಂಡತಿ ವಿಮಲ. ಗಂಟಿಗೊಂದು ಪ್ರಾರ್ಥನೆ, ನಡುವೆ ಮಾತಿಲ್ಲ ಎಂಬುದು ಮಾಮಾ ಎಲೆನಿಯ ಕಟ್ಟಳೆ. ಉಪ್ಪಿನಕಾಯಿ ಜಾಡಿಯೊಂದಿಗೂ ಹರಟುತ್ತಿದ್ದ ವಿಮಲ ಅಲ್ಲಿ ಕೂತು ಮನಸ್ಸಿನಲ್ಲೇ ರಾಮನಾಮ ಹೇಳಿಕೊಂಡು ಗಂಟು ಹಾಕುವಳು. ಮುದುಕಿ ಅದಕ್ಕೆ ಆಕ್ಷೇಪವೆತ್ತಲಿಲ್ಲ. ನಾನು ಬಾಯಿ ತೆರೆದರೆ, "ರೀ, ಸ್ವಲ್ಪ ಸುಮ್ನಿರ್ತೀರಾ? ಎಂಟಾಯ್ತು, ಒಂಬತ್ತನೇದು ತಪ್ಪೋಗತ್ತೆ" ಎಂಬ ಗದರಿಕೆ. ಅವರಿಗೆ ನೂರೇ, ನಮಗೇಕೆ ನೂರೆಂಟು ಎಂದು ಕೇಳಿದ್ದಕ್ಕೆ, "ಎಂಟು ಕೊಸರು ಕಣ್ರೀ, ನಮ್ಮ ದೇವ್ರು ಚೌಕಾಸಿ ಮಾಡ್ತಾನೆ" ಎಂದಿದ್ದಳು.

ಅರವತ್ತೆರಡು ಗಂಟಾಗಿತ್ತು. ಜ್ವರವೆಂದು ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ.

ಆ ಅರ್ಧ ಸರ ಎರಡು ವರ್ಷ ನನ್ನ ಕಪಾಟಿನಲ್ಲಿತ್ತು. ಅದನ್ನು ಹಾಗೆಯೇ ಇಡಬೇಕೆಂಬುದು ನನ್ನ ಹಟ. ಅದು ಮುಗಿದರೆ ಅವಳೇ ಮುಗಿದುಹೋಗುತ್ತಾಳೆಂಬ ಭಯ. ಅರ್ಧಕ್ಕೆ ಬಿಟ್ಟ ಪ್ರಾರ್ಥನೆ ಒಳ್ಳೆಯದಲ್ಲ, ನೀನೇ ಕಟ್ಟು ಎಂಬುದು ಮಾಮಾ ಎಲೆನಿಯ ಹಟ. ಗೆದ್ದದ್ದು ಮುದುಕಿ. ಭಾನುವಾರಗಳಂದು ಶಿಷ್ಯತ್ವ ವಹಿಸಿದೆ. ನನ್ನ ಗಂಟು ಬಿಚ್ಚಲು ಸೈತಾನ ಬರಬೇಕಾಗಿರಲಿಲ್ಲ, ನಾನು ಕೈ ತೆಗೆದರೆ ಸಾಕಾಗಿತ್ತು. "ಪೋಲೆ ಪೋಲೆ," ಎನ್ನುವರು ಆಕೆ, ನಿಧಾನ, ನಿಧಾನ. ಮಳೆಗಾಲವೊಂದು ಕಳೆಯುವಷ್ಟರಲ್ಲಿ ಮೂವತ್ತೆಂಟು ಗಂಟು ಕಟ್ಟಿದೆ. ಒಂದೊಂದೂ ಮುರಿದ ಅವಲಕ್ಕಿ ಉಂಡೆಯ ಹಾಗೆ. ಕಾರ್ಖಾನೆಯಲ್ಲಾಗಿದ್ದರೆ ನಾನೇ ತಿರಸ್ಕರಿಸುತ್ತಿದ್ದೆ.

ಸರವೇನೋ ಪೂರ್ತಿಯಾಯಿತು, ಜಪವಾಗಲಿಲ್ಲ. ಶಿಲುಬೆಯಿಂದ ಹೊರಟು ವಿಮಲಳ ಬಿಗಿಯಾದ, ನುಣುಪಾದ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತ ಅರವತ್ತೆರಡಕ್ಕೆ ಬಂದೊಡನೆ ನನ್ನ ಬೆರಳು ಹಿಂದಕ್ಕೆ ತಿರುಗಿಬಿಡುತ್ತಿತ್ತು. ಜಪಮಾಲೆಯ ಮೇರುಮಣಿಯನ್ನು ದಾಟಬಾರದು, ಅಲ್ಲಿಂದ ಹಿಂತಿರುಗಬೇಕೆಂಬುದು ನಮ್ಮ ಸಂಪ್ರದಾಯ. ಅವಳು ನಿಂತುಹೋದ ಜಾಗವನ್ನೇ ನಾನು ಮೇರು ಮಾಡಿಕೊಂಡಿದ್ದೆ.

ಮಾಮಾ ಎಲೆನಿ ಒಂದು ದಿನ ಅದನ್ನು ಕಂಡು ಕೇಳಿದರು. ಮೇರುವಿನ ಶಾಸ್ತ್ರವನ್ನು ವಿಸ್ತಾರವಾಗಿ ವಿವರಿಸಿದೆ. ಸಾವಧಾನವಾಗಿ ಕೇಳಿ, ಸ್ವಾಹಿಲಿ ಬೆರೆಸಿದ ತಮ್ಮ ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟೆ: "ನಮ್ಮಲ್ಲಿ ಹಿಂದೆ ತಿರುಗೋದಿಲ್ಲ ಮಗನೇ. ಶಿಲುಬೆಯನ್ನೂ ದಾಟಿ ಮುಂದೆ ಹೋಗ್ತೀವಿ. ಇದು ಬಳೆ ಇದ್ದ ಹಾಗೆ. ಹೋಗಿ ನೋಡು."

ಹೋಗಿ ನೋಡಿದೆ. ನನ್ನ ಮೂವತ್ತೆಂಟು ಒರಟು ಗಂಟುಗಳನ್ನು ತಡವರಿಸುತ್ತ ದಾಟಿದೆ, ಶಿಲುಬೆಯನ್ನೂ ದಾಟಿದೆ. ಬೆರಳಿಗೆ ಸಿಕ್ಕಿದ್ದು ವಿಮಲಳ ಮೊದಲನೆಯ ಗಂಟು. ಕುಚ್ಚು ಯಾತಕ್ಕಿದೆಯೆಂದು ಅವತ್ತು ತಿಳಿಯಿತು. ಜೇಬಿನಲ್ಲಿ ಕರವಸ್ತ್ರವಿದ್ದರೂ ಅದರಲ್ಲೇ ಕಣ್ಣೊರೆಸಿಕೊಂಡೆ.

ಅವಳು ನನಗೆ ಇವತ್ತಿಗೂ ಬೇಕು. ಯಾವ ಜಪದಿಂದಲೂ ಅದು ಕಡಿಮೆಯಾಗಿಲ್ಲ, ಕಡಿಮೆಯಾಗಲೆಂದು ನಾನು ಜಪ ಮಾಡುತ್ತಲೂ ಇಲ್ಲ. ಆದರೆ ಸಂಜೆಯ ಪಂಗಾನಿಯ ಜಾಮನ್ನು ಈಗ ಬಯ್ಯುವುದಿಲ್ಲ. ಮೊನ್ನೆ ಅದು ಹೇಗೋ ಬೇಗನೆ ತೆರವಾಯಿತು. ಕಂಡಕ್ಟರು ತಗಡು ಬಡಿದು "ನ್ಗಾರಾ, ನ್ಗಾರಾ!" ಎಂದು ಕೂಗಿದಾಗ ವಿಮಲಳ ಮೊದಲ ಗಂಟಿಗೆ ನನ್ನ ಒರಟು ಗಂಟುಗಳು ಇನ್ನೂ ನಾಲ್ಕು ಉಳಿದಿದ್ದವು. ನಾನು ಇಳಿಯಲಿಲ್ಲ.