ನೀಲಾಂಬಿಕೆ ತೋರಿಸಿದ ಹೊಗೆಸೊಪ್ಪು

ಡಾಕ್ಟರ ಮುಂದೆ ಕೂರುವ ಮೊದಲು ಕೈ ತೊಳೆಯಬೇಕೆಂದು ಯಾವ ಸರ್ಕಾರವೂ ಆದೇಶ ಹೊರಡಿಸಿಲ್ಲ. ಆದರೂ ಹಾರನಹಳ್ಳಿ ಕಡೆಯ ಹೆಂಗಸರು ತೊಳೆಯುತ್ತಾರೆ. ಡಾಕ್ಟರು ಫೋನಿನೊಳಗಿದ್ದರೂ ಅಷ್ಟೇ. ಯಶೋದಮ್ಮ ಸೊಸೆ ಬೃಂದಾಳ ಕೈಗೆ ಹುಣಸೆಹಣ್ಣು ತಿಕ್ಕಿ, ಹೊಗೆಸೊಪ್ಪಿನ ಕರಿ ಅಂಟು ಬಿಡಿಸಿ, ಬೇರೆ ಸೀರೆ ಉಡಿಸಿ, ಮುಖಕ್ಕೆ ಪೌಡರ್ ಹಚ್ಚಿ ಕೂರಿಸಿದ್ದಳು. ಹುಡುಗಿ ಮೂರು ತಿಂಗಳ ಬಸುರಿ. ಹದಿನೈದು ದಿನದಿಂದ ವಾಂತಿ, ತಲೆಸುತ್ತು. ಈಗೀಗ ಕುಡಿದ ನೀರೂ ನಿಲ್ಲುತ್ತಿರಲಿಲ್ಲ.

ಫೋನು ಹಿಡಿದಿದ್ದವಳು ಊರಿನ ಆಶಾ ಕಾರ್ಯಕರ್ತೆ ನೀಲಾಂಬಿಕೆ.

"ಏನು ಕೆಲಸ ಮಾಡ್ತೀರಮ್ಮ?" ಪರದೆಯೊಳಗಿನ ಡಾಕ್ಟರು ಕೇಳಿದರು.

ಬೃಂದಾ ಬಾಯಿ ತೆರೆಯುವ ಮೊದಲೇ ಅತ್ತೆ, "ಮನೇಲೇ ಇರ್ತಾಳೆ ಸಾರ್, ರಾಣಿ ಇದ್ದಂಗೆ" ಅಂದಳು. ಸ್ವಂತ ಜಮೀನಿನವರು. ಸೊಸೆ ಹೊಲದಲ್ಲಿ ಬಗ್ಗುತ್ತಾಳೆಂದು ಓದಿದವರೆದುರು ಹೇಳಲು ಮರ್ಯಾದೆ ಅಡ್ಡ ಬಂತು.

"ಬಸುರಿ ವಾಂತಿ, ಹೆದರಬೇಡಿ. ಮಾತ್ರೆ ಬರೆದಿದೀನಿ."

ಎರಡೇ ನಿಮಿಷ. ಪರದೆ ಕಪ್ಪಾಯಿತು.

ನೀಲಾಂಬಿಕೆಗೆ ಮೈಯೆಲ್ಲ ಉರಿಯಿತು. ಹದಿನಾಲ್ಕಕ್ಕೇ ಶಾಲೆ ಬಿಡಿಸಿ ಅವಳನ್ನೂ ಸೊಪ್ಪು ಮುರಿಯಲು ಹಾಕಿದ್ದರು. ಇಬ್ಬನಿ ಹಿಡಿದ ಎಲೆಯನ್ನು ಕಂಕುಳಲ್ಲಿ ಅಮುಕಿ ಹೊತ್ತು, ಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಹಿಂದೆ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡವಳು. ಹಸಿ ಸೊಪ್ಪಿನ ವಿಷ ಚರ್ಮದಲ್ಲೇ ಇಳಿಯುತ್ತದೆಂದು ಅವಳಿಗೆ ಹೇಳಿದ್ದು ಪುಸ್ತಕವಲ್ಲ, ಮೈ. ಮದುವೆಯಾದ ಮೇಲೆ ಹಟ ಹಿಡಿದು ಹತ್ತನೇ ತರಗತಿ ಕಟ್ಟಿ ಪಾಸಾದಳು. ಆಶಾ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಫೋನಿಗೆ ಬಂದ ಆ್ಯಪುಗಳನ್ನೆಲ್ಲ ತಾನೇ ಒತ್ತಿ ಒತ್ತಿ ಕಲಿತಳು. ಕಲಿಸಲು ಯಾರೂ ಬರಲಿಲ್ಲ, ವರದಿ ಕೇಳಲು ಎಲ್ಲರೂ ಬಂದರು.

"ಇನ್ನೊಂದ್ಸಲ ಫೋನ್ ಮಾಡ್ತೀನಿ, ಇರಿ."

"ಬುಡು ನೀಲಾ, ದೊಡ್ ಡಾಕ್ಟ್ರೇ ಹೇಳವ್ರೆ. ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

"ಸೊಪ್ಪಿನ ವಿಷ್ಯ ಗೊತ್ತು ಕಣಕ್ಕ. ನಿಂಗೂ ಗೊತ್ತು, ಬಾಯಿ ಬುಡಕ್ಕಿಲ್ಲ ಅಷ್ಟೆ."

ಮುಕ್ಕಾಲು ಗಂಟೆ ಕಾದ ಮೇಲೆ ಅದೇ ಡಾಕ್ಟರು ಸಿಕ್ಕರು.

"ಈಗ ತಾನೆ ನೋಡಿದೆನಲ್ಲಮ್ಮ! ಇನ್ನೂ ನೂರು ಜನ ಕಾಯ್ತಿದಾರೆ."

"ನೂರು ಜನಾನೂ ನೋಡಿ ಸಾರ್. ಮೊದ್ಲು ಇದನ್ನ ನೋಡಿ." ಅಂಗಳದಿಂದ ತಂದ ಒದ್ದೆ ಎಲೆಯನ್ನೂ, ಬೃಂದಾ ಬಿಚ್ಚಿಟ್ಟಿದ್ದ ಅಂಟಿಗೆ ಕಪ್ಪಾದ ರವಿಕೆಯನ್ನೂ ಕ್ಯಾಮೆರಾಕ್ಕೆ ಒಡ್ಡಿದಳು. "ಬೆಳಿಗ್ಗೆ ಆರಕ್ಕೇ ಈ ಸೊಪ್ಪು ಮುರೀತಾಳೆ. ನಡುವೆ ಎರಡು ದಿನ ತವರಿಗೆ ಹೋಗಿದ್ಲು, ಅಲ್ಲಿ ವಾಂತಿನೇ ಇಲ್ಲ. ಇದು ಬರೀ ಬಸುರಿ ವಾಂತಿನಾ?"

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಆಗಲೇ ಕೈ ತೋರಿಸಬಾರದಿತ್ತಾ?"

"ತೊಳ್ಕೊಂಡು ಕೂತಿದ್ಲು ಸಾರ್, ನಿಮ್ಗೆ ಮರ್ಯಾದೆ ಕೊಡಾಕೆ."

ಅವರು ನಗಲಿಲ್ಲ. "ಸೊಪ್ಪಿನ ನಿಕೋಟಿನ್ ಮೈಗೆ ಏರಿರಬಹುದು. ಮಗುವಿಗೂ ಒಳ್ಳೇದಲ್ಲ. ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹೊಲದ ಕೆಲಸ ಬೇಡ ಅಂತ ಬರೀತೀನಿ."

"ಆಯ್ತು ಬುಡಿ ಸಾರ್," ಯಶೋದಮ್ಮ ತಕ್ಷಣ ಒಪ್ಪಿದಳು. "ಮನೆ ನೆಳ್ಳಲ್ಲೇ ಕೂತು, ಬ್ಯಾರನ್ನಿಗೆ ಏರ್ಸೋ ಕಡ್ಡಿಗೆ ಸೊಪ್ಪು ಕಟ್ಲಿ."

ಅದೇ ಎಲೆ, ಅದೇ ಅಂಟು. ಜಾಗ ಮಾತ್ರ ನೆರಳು! ಊರಿನ ಈ ಜಾಣತನ ಯಾವ ಪರದೆಗೆ ಕಾಣಬೇಕು?

"ಬರೀ ಹೊಲದ ಕೆಲ್ಸ ಅಂತ ಬರೀಬ್ಯಾಡಿ ಸಾರ್!" ನೀಲಾಂಬಿಕೆ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. "ಮುರಿಯೋದು, ಹೊರೋದು, ಕಟ್ಟೋದು ಯಾವ್ದೂ ಬ್ಯಾಡ. ಹೆರಿಗೆ ಆಗೋಗಂಟ ಸೊಪ್ಪು ಮುಟ್ಟಂಗಿಲ್ಲ ಅಂತ ಬರೀರಿ. ಕನ್ನಡದಲ್ಲಿ."

"ಚೀಟಿ ಇಂಗ್ಲಿಷಲ್ಲೇ ಬರೋದಮ್ಮ."

"ಅಂಗಾರೆ ಬಾಯಲ್ಲಿ ಹೇಳಿ, ರೆಕಾರ್ಡ್ ಮಾಡ್ಕೋತೀನಿ."

ಹೇಳಿದರು, ಒಂದೊಂದೇ ಮಾತು ಬಿಡಿಸಿ.

ಆಸ್ಪತ್ರೆಯಲ್ಲಿ ಎರಡು ದಿನ ಗ್ಲೂಕೋಸ್ ಹಾಕಿಸಿಕೊಂಡು ಬೃಂದಾ ಮನೆಗೆ ಬಂದಳು. ನೀಲಾಂಬಿಕೆ ನೋಡಲು ಹೋದಾಗ ಅಂಗಳದ ತುಂಬ ಹಸಿ ಸೊಪ್ಪು. ಯಶೋದಮ್ಮ ಸೊಸೆಯ ಮುಂದೆ ಕಡ್ಡಿ ನೂಕುತ್ತಿದ್ದಳು. "ಸುಮ್ನೆ ಕೂತಿದ್ದೀಯಲ್ಲ, ಹತ್ತು ಕಡ್ಡಿ ಕಟ್ಟು. ಏನೂ ಆಗಾಕಿಲ್ಲ."

"ಡಾಕ್ಟ್ರ ಮಾತು ಹಾಕ್ಲಾ?" ನೀಲಾಂಬಿಕೆ ಫೋನು ತೆಗೆದಳು.

"ಬ್ಯಾಡ ಅಕ್ಕ." ಬೃಂದಾ ಕಡ್ಡಿಯನ್ನು ಕಾಲಲ್ಲೇ ಆಚೆ ತಳ್ಳಿದಳು. "ನಾನು ಮುಟ್ಟಕ್ಕಿಲ್ಲ ಅತ್ತೆ. ನಿಮ್ ಮಗ ಜಗಲಿ ಮೇಲೆ ರೀಲ್ಸ್ ನೋಡ್ತಾ ಕೂತವ್ರೆ, ಕರೀರಿ."

ಯಶೋದಮ್ಮ ಆಚೆ ಬಿದ್ದ ಕಡ್ಡಿಯನ್ನು ತಾನೇ ಎತ್ತಿಕೊಂಡಳು. ಆಮೇಲೆ ಜಗಲಿಯ ಕಡೆ ತಿರುಗಿ, "ಲೋ ಕಿರಣ, ಬಾರ್ಲಾ ಇಲ್ಲಿ!" ಎಂದು ಕೂಗಿದಳು.